ಮೂಕಮ್ಮನ ಪ್ರತಿ

ಪುಸ್ತಕದ ಪಾರ್ಸಲ್ ಬಂದು ಹನ್ನೊಂದು ದಿನವಾಗಿತ್ತು. ಅಷ್ಟರೊಳಗೆ ಶೇಖರ ಮೂಕಮ್ಮನ ಮಗಳು ಮೇಘಾಳಿಗೆ ಐದು ಸುಳ್ಳು ಹೇಳಿ ಮುಗಿಸಿದ್ದ. ಇನ್ನೂ ಬಂದಿಲ್ಲ ಅಂತ ಎರಡು ಸಲ, ಪೋಸ್ಟಾಫೀಸಿನಲ್ಲಿ ಬಂದು ಬಿದ್ದಿದೆಯಂತೆ ಅಂತ ಒಮ್ಮೆ, ಕಾಲೇಜಿನಲ್ಲಿ ಪರೀಕ್ಷೆ ಅಂತ ಒಮ್ಮೆ, ಜ್ವರ ಅಂತ ಒಮ್ಮೆ. ಆರನೆಯದಕ್ಕೆ ತಲೆ ಓಡಲಿಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಅವಳ ಫೋನು ಬಂತು. “ಮಾಮಾ, ಇವತ್ತ ನಾಳಿ ನನಗ ಡ್ಯೂಟಿ ಇಲ್ರಿ. ನಾನೇ ರಾಯಚೂರಿಗಿ ಬಂದು ಒಯ್ತೀನಿ. ಅವ್ವ ದಿನಾ ಕೇಳಿ ಕೇಳಿ ನನ್ನ ತಲಿ ತಿನ್ನಾಕತ್ತಾಳ.” ಬಾಯಲ್ಲಿ ನೊರೆ ಇಟ್ಟುಕೊಂಡೇ ಅವನು “ಬ್ಯಾಡ ಬ್ಯಾಡ, ನಾನೇ ಬರ್ತೀನಿ, ಇವತ್ತೇ ಬರ್ತೀನಿ” ಅಂದುಬಿಟ್ಟ. ಅವಳು ಇಲ್ಲಿಗೆ ಬಂದರೆ ಹೆಂಡತಿ ಇರುತ್ತಾಳೆ, ಚಹಾ ಕೊಡುತ್ತಾಳೆ, ಎಲ್ಲಿ ತೋರಿಸವಾ ಪುಸ್ತಕ ಅನ್ನುತ್ತಾಳೆ. ಆಗುವುದು ಆಗುವುದೇ ಆದರೆ ಮಾನ್ವಿಯಲ್ಲೇ ಆಗಲಿ. ಕನ್ನಡಿಯಲ್ಲಿ ನೋಡಿಕೊಂಡ. ನಲವತ್ತಾರು ವರ್ಷದ, ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ, ಹುಡುಗರು ಎದ್ದು ನಿಂತು ನಮಸ್ಕರಿಸುವ ಮನುಷ್ಯನೊಬ್ಬ ಬಾಯಿ ತುಂಬ ನೊರೆ ತುಂಬಿಕೊಂಡು ಹೆದರಿ ನಿಂತಿದ್ದ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಪಾರ್ಸಲಿನಲ್ಲಿದ್ದುದು ಒಂದೇ ಪುಸ್ತಕದ ಎರಡು ಪ್ರತಿ. ನಾರ್ವೆಯಿಂದ ಬಂದದ್ದು, ನಾರ್ವೆಯ ಭಾಷೆಯದು. ಬರೆದವಳು ಗುರೋ ಟ್ವೈಟೆನ್ ಎಂಬ ಪತ್ರಕರ್ತೆ. ಉತ್ತರದ ಒಂದು ಮೀನುಗಾರರ ಊರಿನಲ್ಲಿ ಹುಟ್ಟಿ, ಮೊದಲು ಅಲ್ಲಿಯ ಪತ್ರಿಕೆಗೆ ದೋಣಿ ಬಂದದ್ದು ಹೋದದ್ದು ಬರೆದು, ಆಮೇಲೆ ನಲವತ್ತು ವರ್ಷ ಬೇರೆ ಬೇರೆ ದೇಶಗಳ ಯುದ್ಧ, ಭೂಕಂಪ, ಚುನಾವಣೆಗಳ ಬೆನ್ನು ಹತ್ತಿ ತಿರುಗಿದವಳು. ಬೈರೂತಿನಲ್ಲಿ ಬಾಂಬು ಸಿಡಿದು ಎಡಗಿವಿ ಹೋಗಿತ್ತು. ಹೋದ ಚಳಿಗಾಲದಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡಳಂತೆ. ಹಾಗಂತ ಅವಳ ತಂಗಿಯ ಮಗಳು ಇಂಗ್ಲಿಷಿನಲ್ಲಿ ಪತ್ರ ಬರೆದಿದ್ದಳು. ಇದು ಅತ್ತೆಯ, ಅಲ್ಲ, ದೊಡ್ಡಮ್ಮನ ಕೊನೆಯ ಪುಸ್ತಕ, ಜೀವನಚರಿತ್ರೆ ಅನ್ನಬಹುದು, ಆದರೆ ತನ್ನ ಬಗ್ಗೆ ಕಡಿಮೆ, ತನಗಾಗಿ ಬೇರೆ ಬೇರೆ ದೇಶಗಳಲ್ಲಿ ಮಾತು ದಾಟಿಸಿದ ದುಭಾಷಿಗಳ ಬಗ್ಗೆ ಹೆಚ್ಚು, ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ, ನಿಮಗೂ ಒಂದಿದೆ. ಒಂದು ಪ್ರತಿ ನಿಮಗೆ, ಇನ್ನೊಂದು ಮೂಕಮ್ಮನವರಿಗೆ. ಎರಡರ ಮೇಲೂ ಸಾಯುವ ಮುಂಚೆ ಅವರೇ ಹೆಸರು ಬರೆದಿದ್ದಾರೆ. ಮೂಕಮ್ಮನವರು ಪುಸ್ತಕ ಹಿಡಿದುಕೊಂಡಿರುವ ಒಂದು ಫೋಟೋ ಕಳಿಸಿದರೆ ನಮಗೆಲ್ಲ ಸಮಾಧಾನ. ಆ ಹುಡುಗಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಹೇಗೋ ಮೇಘಾಳನ್ನೂ ಫೇಸ್‌ಬುಕ್ಕಿನಲ್ಲಿ ಹುಡುಕಿ ಸುದ್ದಿ ಮುಟ್ಟಿಸಿದಳು. ಶೇಖರ ಎರಡನೆಯ ಪ್ರತಿಯ ಮೊದಲ ಪುಟ ತೆರೆದಾಗ ಅಲ್ಲಿ ನೀಲಿ ಮಸಿಯಲ್ಲಿ, ಚಿತ್ರ ಬರೆಯುವವರಂತೆ ನಿಧಾನವಾಗಿ ಬರೆದ ಕನ್ನಡದ ಮೂರಕ್ಷರ ಇತ್ತು. ಮೂಕಮ್ಮ. ಒಂಬತ್ತು ವರ್ಷದ ಹಿಂದೆ ದೇವದುರ್ಗದ ಹೊಳೆದಂಡೆಯ ಊರಲ್ಲಿ ಗುರೋ ತನ್ನ ಸಣ್ಣ ನೋಟ್‌ಬುಕ್ಕು ಮುಂದಕ್ಕೆ ಚಾಚಿ, ಇವಳ ಹೆಸರು ಇವಳ ಅಕ್ಷರದಲ್ಲಿ ಬರೆದುಕೊಡು ಅಂದಿದ್ದಳು. ಅವನು ಬರೆದುಕೊಟ್ಟಿದ್ದ. ಆ ಪುಟ ಅವಳು ಸಾಯುವವರೆಗೆ ಇಟ್ಟುಕೊಂಡಿದ್ದಳು. ಮತ್ತಿನ್ನೇನೇನು ಇಟ್ಟುಕೊಂಡಿದ್ದಳೋ.

ಆ ಭಾಷೆ ರಾಯಚೂರಿನಲ್ಲಿ ಒಂದು ನರಪಿಳ್ಳೆಗೂ ಬರುವುದಿಲ್ಲ ಎಂಬುದು ಮೊದಲ ಗಂಟೆಯ ಧೈರ್ಯ. ಆ ಧೈರ್ಯ ಸಂಜೆಯವರೆಗೂ ಉಳಿಯಲಿಲ್ಲ. ಅವನ ವಿದ್ಯಾರ್ಥಿಗಳು ಇಂಗ್ಲಿಷ್ ಪಾಠದ ಮೇಲೆ ಫೋನು ಹಿಡಿದು ಅಲ್ಲೇ ಕನ್ನಡ ಮಾಡಿಕೊಂಡು ಓದುವುದನ್ನು ಅವನು ದಿನಾ ನೋಡುತ್ತಿದ್ದ, ಬೈಯುತ್ತಲೂ ಇದ್ದ. ಪ್ರಯೋಗಕ್ಕೆಂದು ತನ್ನ ಫೋನನ್ನು ಪುಸ್ತಕದ ರಟ್ಟಿನ ಮೇಲೆ ಹಿಡಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಆ ಅರ್ಥವಾಗದ ಶಬ್ದಗಳು ಅಳಿಸಿ ಕನ್ನಡ ಬಂದು ಕೂತಿತು: ಇತರರ ಬಾಯಿ. ಅದು ಪುಸ್ತಕದ ಹೆಸರು. ಶೇಖರ ಫೋನನ್ನು ಮಗುಚಿ ಇಟ್ಟ. ಮುಂದೆ ಹನ್ನೊಂದು ದಿನ ಅದನ್ನು ಪುಸ್ತಕದ ಹತ್ತಿರ ಒಯ್ಯಲಿಲ್ಲ. ಓದದೆ ಇದ್ದರೆ ಅದರಲ್ಲಿ ಇಲ್ಲ ಎಂದೇ ಲೆಕ್ಕ ಎಂಬಂತೆ ಬರಿಗಣ್ಣಿನಿಂದ ಪುಟ ತಿರುವಿದ. ತನ್ನ ಹೆಸರು ಮಾತ್ರ ಓದಲು ಬರುತ್ತಿತ್ತು. ಇನ್ನೂರ ಹನ್ನೊಂದನೆಯ ಪುಟದಿಂದ ಶುರುವಾಗಿ ಮತ್ತೆ ಮತ್ತೆ ಬರುತ್ತಿತ್ತು. ಇನ್ನೂರ ಹದಿನಾಲ್ಕನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಶೇಖರ್ ಎಂದೂ ರಿಪೋರ್ಟರ್ ಎಂದೂ ಇತ್ತು. ದರಿದ್ರದ ಭಾಷೆ, ರಿಪೋರ್ಟರ್ ಎಂಬುದಕ್ಕೆ ಅದರಲ್ಲೂ ಇಂಗ್ಲಿಷಿನ ಶಬ್ದವೇ ಇತ್ತು. ಎರಡೂ ಶಬ್ದಗಳ ನಡುವೆ ಇದ್ದ ನಾಲ್ಕೈದು ಗೊತ್ತಿಲ್ಲದ ಶಬ್ದಗಳನ್ನು ಅವನು ರಾತ್ರಿ ಹಗಲು ಮನಸ್ಸಿನಲ್ಲಿ ತಿರುವಿ ಹಾಕಿದ. ಬೇಕಾದದ್ದನ್ನು ತುಂಬಿಕೊಳ್ಳಬಹುದಿತ್ತು, ತುಂಬಿದ್ದೆಲ್ಲ ಕೆಟ್ಟದ್ದೇ ಆಗುತ್ತಿತ್ತು.

ಹನ್ನೊಂದು ಗಂಟೆಗೆ ಮಾನ್ವಿಯ ಬಸ್ಸು ಹತ್ತಿದ. ತನ್ನ ಪ್ರತಿ ಮನೆಯಲ್ಲೇ ಬಿಟ್ಟಿದ್ದ. ಮೂಕಮ್ಮನ ಪ್ರತಿ ಬಟ್ಟೆಯ ಚೀಲದಲ್ಲಿ ತೊಡೆಯ ಮೇಲಿತ್ತು. ಮೇ ತಿಂಗಳ ಬಿಸಿಲು ಬಸ್ಸಿನ ತಗಡನ್ನು ಹಂಚು ಮಾಡಿತ್ತು. ಊರು ದಾಟುತ್ತಿದ್ದಂತೆ ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು ಕಿಟಕಿಯಿಂದ ಬಂದು ಕತ್ತಿಗೆ ಅಂಟಿತು. ಹಿಂದೆ ಒಂದು ಟಿಪ್ಪರ್ ಹಾರ್ನ್ ಒತ್ತುತ್ತಲೇ ಬರುತ್ತಿತ್ತು. ಮುಂದೆ ಹೋಗಲಿ, ದಾರಿ ಬಿಡಬಾರದೇ ಈ ಡ್ರೈವರ್ ಅಂತ ಶೇಖರನ ಬೆನ್ನು ಬಿಗಿದುಕೊಂಡಿತು. ಟಿಪ್ಪರ್ ಕಂಡರೆ ಹಾಗೆ ಆಗುವುದು ಅವನಿಗೆ ಹನ್ನೊಂದು ವರ್ಷದ ರೋಗ. ಪಕೀರಪ್ಪ ಸತ್ತದ್ದು ಟಿಪ್ಪರ್ ಅಡಿಗೆ. ಕೃಷ್ಣಾ ಹೊಳೆಯ ಉಸುಕು ಬಳಿದು ಬಳಿದು ತುಂಬುತ್ತಿದ್ದ ಗಾಡಿಗಳು ಮೂಕಮ್ಮನ ಮನೆಯ ಮುಂದಿನ ದಾರಿಯಲ್ಲೇ ಹಾಯುತ್ತಿದ್ದವು. ಅವಳ ಗಂಡ ಪಕೀರಪ್ಪ ಒಂದು ಬೆಳಿಗ್ಗೆ, ಕೇರಿಯ ನಲ್ಲಿ ಪೈಪು ಮೂರನೆಯ ಸಲ ಒಡೆದಾಗ, ಗಾಡಿಗೆ ಅಡ್ಡ ನಿಂತಿದ್ದ. ಅಷ್ಟೇ ಅವನು ಮಾಡಿದ್ದು. ಆಗ ಶೇಖರ ದೇವದುರ್ಗ ತಾಲ್ಲೂಕಿಗೆ ಒಂದು ಪತ್ರಿಕೆಯ ವರದಿಗಾರ. ಅದೇ ಕೇರಿಯ ಹುಡುಗ, ಕಾಲೇಜು ಕಲಿತವನು, ಎಲ್ಲರ ಬಾಯಲ್ಲೂ ನಮ್ಮ ಶೇಖರ. ಹೆಣ ಇನ್ನೂ ಅಂಗಳದಲ್ಲಿತ್ತು. ಮೂಕಮ್ಮ ಅವನ ಮುಂದೆ ಕೂತು, ಅಳದೆ, ಒಂದೊಂದೇ ಹೇಳಿದ್ದಳು. ಅವನು ಎರಡು ಹಾಳೆ ತುಂಬ ಬರೆದುಕೊಂಡಿದ್ದ.

ಆ ಎರಡು ಹಾಳೆ ಅಂಗಿಯ ಕಿಸೆಯಲ್ಲೇ ಉಳಿದವು. ತಾಲ್ಲೂಕಿನ ವರದಿಗಾರರಿಗೆ ಸಂಬಳ ಹೆಸರಿಗೆ ಮಾತ್ರ. ಸ್ವಾತಂತ್ರ್ಯೋತ್ಸವಕ್ಕೆ, ಹಬ್ಬಕ್ಕೆ, ಶಾಸಕರ ಹುಟ್ಟುಹಬ್ಬಕ್ಕೆ ಊರ ದೊಡ್ಡವರಿಂದ ಶುಭಾಶಯದ ಜಾಹೀರಾತು ತರುವುದು ಅವರ ನಿಜವಾದ ಕೆಲಸ. ಉಸುಕಿನ ಗುತ್ತಿಗೆದಾರ ಪ್ರತಿ ವರ್ಷ ಪೂರ್ತಿ ಪುಟ ಕೊಡುತ್ತಿದ್ದ, ಅದೂ ಬಣ್ಣದ್ದು. ಸಂಜೆ ಠಾಣೆಯ ಬರಹಗಾರ ಫೋನಿನಲ್ಲಿ ಹೇಳಿದ್ದನ್ನು ಶೇಖರ ಹಾಗೆಯೇ ಕಳಿಸಿದ: ಮದ್ಯ ಸೇವಿಸಿ ರಸ್ತೆಯಲ್ಲಿ ಮಲಗಿದ್ದ ಕೂಲಿಕಾರನ ಮೇಲೆ ಟಿಪ್ಪರ್ ಹರಿದು ಸಾವು. ಮೂರು ಸಾಲು. ಯಾರೂ ಅವನಿಗೆ ಬೆದರಿಕೆ ಹಾಕಿರಲಿಲ್ಲ. ಗುತ್ತಿಗೆದಾರನಿಗೆ ಅವನು ಬರೆದುಕೊಂಡದ್ದು ಗೊತ್ತೂ ಇರಲಿಲ್ಲ. ಬೇರೆಯವರು ಹೆದರಿಸುವ ಮುಂಚೆಯೇ ಹೆದರಿಬಿಡುವುದು ಅವನ ಹುಟ್ಟುಗುಣ. ಅದಕ್ಕೆ ಅವನು ಜಾಣತನ ಅಂತ ಹೆಸರಿಟ್ಟುಕೊಂಡಿದ್ದ.

“ಅರೇ, ಶೇಖರ್ ಸಾಬ್! ಭಾಳ ದಿನಾ ಆತಲ್ರೀ!” ಪಕ್ಕದಲ್ಲಿ ಧಡಕ್ಕನೆ ಕೂತವನು ವಲಿ ಪಾಷಾ, ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಪೇಪರ್ ಏಜೆಂಟ್ ಆಗಿದ್ದ ಮುದುಕ. ಶೇಖರನ ಸುದ್ದಿಗಳನ್ನೆಲ್ಲ ಊರಿಗೆ ಹಂಚಿದವನು. ಶೇಖರ ಚೀಲವನ್ನು ತೊಡೆಯ ಕೆಳಗೆ ಸರಿಸಲು ಹೋದ. ಅದರಿಂದಲೇ ಮುದುಕನ ಕಣ್ಣು ಅದರ ಮೇಲೆ ಬಿತ್ತು. “ಏನ್ ಬುಕ್ಕದು? ಫಾರಿನ್ದು ಇದ್ದಾಂಗ ಕಾಣ್ತದ.”

“ಕಾಲೇಜಿಂದು,” ಅಂದ ಶೇಖರ. ಅದು ಆರನೆಯ ಸುಳ್ಳು.

“ಕೊಡ್ರಿ ಇಲ್ಲೆ, ನೋಡೂಣು.” ವಲಿ ಪಾಷಾ ಪುಸ್ತಕ ಎಳೆದುಕೊಂಡು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. “ಇಂಗ್ಲೀಷ್ ಅಲ್ಲ ಇದು. ಆದ್ರೂ ಈಗ ಭಾಷಾ ಬರಬೇಕಂತೇನಿಲ್ಲ ಬಿಡ್ರಿ. ನಮ್ಮ ಮೊಮ್ಮಗಳು ಔಷಧದ ಚೀಟಿ ಮ್ಯಾಲೆ ಫೋನ್ ಹಿಡೀತಾಳ, ಅದು ಕನ್ನಡದಾಗ ಒದರಾಕ ಶುರು ಮಾಡ್ತದ. ನಾವು ನೀವು ಏನೇನು ಮುಚ್ಚಿಟ್ಟೀವೋ ಎಲ್ಲಾ ಒದರ್ತದ ಇನ್ನ!” ಅಂತ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಅವನಿಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ಆಡಿದ ಮಾತು. ಶೇಖರ ಪುಸ್ತಕಕ್ಕೆ ಕೈ ಚಾಚಿದ. ಮುದುಕ ಪುಸ್ತಕ ತಿರುಗಿ ಕೊಡುತ್ತ, “ಮಾನ್ವಿಗಿ ಯಾರ ಕಡಿಗಿ ಹೊಂಟೀರಿ? ಆ ಪಕೀರಪ್ಪನ ಹೆಂಡ್ತಿ ಮೂಕಮ್ಮ ಅಲ್ಲೇ ಅದಾಳಲ್ಲ? ಛಲೋ ಹೆಂಗಸು. ಅವತ್ತಿನ ಪೇಪರ್ ಆಕಿ ಕೈಗಿ ನಾನೇ ಕೊಟ್ಟಿದ್ದೆ ನೋಡ್ರಿ. ಯಾರಿಂದಲೋ ಓದಿಸಿದಳು. ಓದಿಸಿ ಮಡಚಿ ಸೊಂಟಕ್ಕ ಸಿಗಸಿಕೊಂಡು ಹೋದಳು,” ಅಂದ. ಮತ್ತೆ ತಾನೇ, “ಹೋಗ್ಲಿ ಬಿಡ್ರಿ, ನೀವಾದ್ರೂ ಏನ್ ಮಾಡ್ತಿದ್ರಿ,” ಅಂತ ಸಮಾಧಾನವನ್ನೂ ಹೇಳಿ ಕುರ್ಡಿ ಕ್ರಾಸಿನಲ್ಲಿ ಇಳಿದು ಹೋದ. ಆ ಸಮಾಧಾನ ಶೇಖರನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಗುರೋ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಉಸುಕಿನ ಬಗ್ಗೆ, ಹೊಳೆಗಳ ಬಗ್ಗೆ ಬರೆಯಲು ದಿಲ್ಲಿಯಿಂದ ಬಂದಿದ್ದಳು. ಇಂಗ್ಲಿಷ್ ಬಲ್ಲ ಸ್ಥಳೀಯ ಪತ್ರಕರ್ತ ಬೇಕೆಂದಾಗ ಯಾರೋ ಶೇಖರನ ಹೆಸರು ಹೇಳಿದ್ದರು. ಉದ್ದನೆಯ, ಬಿಳಿಗೂದಲಿನ, ಬಿಸಿಲಿಗೆ ಕೆಂಪಗೆ ಸುಟ್ಟ ಹೆಂಗಸು. ಕಾರಿನಲ್ಲಿ ಅವಳ ಬಲಕ್ಕೇ ಕೂರಬೇಕಾಗಿತ್ತು, ಎಡಗಿವಿ ಕೇಳುತ್ತಿರಲಿಲ್ಲ. ಕೆಲಸದ ನಿಯಮ ಒಂದೇ ಹೇಳಿದ್ದಳು: ಅವರು ನಾನು ಅಂದರೆ ನೀನೂ ನಾನು ಅನ್ನಬೇಕು, ಅವಳು ಹೀಗೆ ಹೇಳುತ್ತಾಳೆ ಅಂತ ನಡುವೆ ನಿಲ್ಲಬಾರದು, ನೀನು ಅವರ ಬಾಯಿ. ದಾರಿಯುದ್ದಕ್ಕೂ ತನ್ನ ಹಳೆಯ ದುಭಾಷಿಗಳ ಸುದ್ದಿ ಹೇಳಿದ್ದಳು. ಸರಾಯೆವೊದಲ್ಲಿ ಒಬ್ಬ ಶಾಲಾ ಮಾಸ್ತರ, ಗುಂಡಿನ ಸದ್ದು ಜೋರಾದರೆ ವ್ಯಾಕರಣ ಇನ್ನಷ್ಟು ಶುದ್ಧವಾಗುತ್ತಿತ್ತಂತೆ. ಕಾಬೂಲಿನಲ್ಲಿ ಒಬ್ಬ ವೈದ್ಯ ವಿದ್ಯಾರ್ಥಿ. ಅವಳು ಬರೆದದ್ದಕ್ಕೆ ಅವನನ್ನು ಕೊಂದರಂತೆ. “ನನಗೆ ಪ್ರಶಸ್ತಿ ಕೊಟ್ಟರು. ಮಾತಾಡಿದವನು ಅವನು,” ಅಂದಿದ್ದಳು. ಶೇಖರ ಆಗ ಹೆದರಿದ್ದು ಆ ಹುಡುಗನ ಸುದ್ದಿಗೆ ಅಲ್ಲ. ಕಾರು ಯಾವ ಊರಿಗೆ ಹೊರಟಿದೆ ಎಂಬುದು ಅವನಿಗೆ ಆಗಷ್ಟೇ ಗೊತ್ತಾಗಿತ್ತು.

ಬೇವಿನ ಗಿಡದ ಕೆಳಗೆ ಹಗ್ಗದ ಹೊರಸು ಹಾಕಿದ್ದರು. ಗುರೋ ಒಂದು ತುದಿಗೆ, ಮೂಕಮ್ಮ ನೆಲದ ಮೇಲೆ, ಅವನು ನಡುವೆ ಒಂದು ಡಬ್ಬಿಯ ಮೇಲೆ. ಅವನನ್ನು ಕಂಡಾಗ ಮೂಕಮ್ಮನ ಮುಖ ಬದಲಾಗಲಿಲ್ಲ. ಗುರೋ ಕೇಳಿದಳು, ಆವತ್ತು ಯಾರು ಯಾರು ಬಂದಿದ್ದರು? ಅವನು ಕನ್ನಡದಲ್ಲಿ ಕೇಳಿದ. ಮೂಕಮ್ಮ ಹೇಳಿದಳು: “ಪೊಲೀಸ್ರು ಬಂದ್ರು. ಸಾವಕಾರನ ಮನಷ್ಯಾ ಬಂದ. ಆಮ್ಯಾಲೆ ಈತ ಬಂದ.” ಬೆರಳು ಎತ್ತಿದಳು. ಬೆರಳು ಅವನ ಎದೆಗೆ ಎರಡು ಮೊಳ ದೂರದಲ್ಲಿತ್ತು. “ನಮ್ಮ ಕೇರಿ ಹುಡುಗ, ಪೇಪರ್ನಾಗ ಅದಾನ ಅಂತ ನಾ ಎಲ್ಲಾ ಬಿಚ್ಚಿ ಹೇಳಿದೆ. ಗಾಡಿ ಹಿಂದಕ ತಗೊಂಡು ಮತ್ತ ಹಾಯಿಸಿದ್ರು ಅಂತ ಹೇಳಿದೆ. ಮರುದಿನ ಏನ್ ಬರದಾನ ಕೇಳ್ರಿ. ಕುಡದು ಬಿದ್ದಿದ್ದ ಅಂತ ಬರದಾನ. ನನ್ನ ಗಂಡ ಒಂದಿನಾನೂ ಕುಡದಾಂವಲ್ಲ. ಹೇಳಪಾ ತಮ್ಮಾ, ಆಕೀಗಿ ಹೇಳು. ನಾ ಹೆಂಗ ಹೇಳೀನಿ ಹಂಗೇ ಹೇಳು.”

ಅವನ ಎರಡೂ ಕೈ ಮೊಣಕಾಲುಗಳ ನಡುವೆ ಸಿಕ್ಕಿಕೊಂಡಿದ್ದವು. ಅವನು ಹೇಳಿದ. ಎಲ್ಲವನ್ನೂ ಹೇಳಿದ, ನಿಯಮದಂತೆ ಮೂಕಮ್ಮನ ಬಾಯಾಗಿ, ನಾನು ನಾನು ಅನ್ನುತ್ತ ಹೇಳಿದ. ಪೊಲೀಸರು ಬಂದರು, ಗುತ್ತಿಗೆದಾರನ ಮನುಷ್ಯ ಬಂದ, ಆಮೇಲೆ ಒಬ್ಬ ಸ್ಥಳೀಯ ರಿಪೋರ್ಟರ್ ಬಂದ, ನಾನು ಅವನಿಗೆ ಎಲ್ಲ ಹೇಳಿದೆ, ಅವನು ನನ್ನ ಗಂಡ ಕುಡಿದಿದ್ದ ಅಂತ ಬರೆದ. ಗಾಡಿ ಹಿಂದಕ್ಕೆ ತೆಗೆದದ್ದನ್ನೂ ಬಿಡಲಿಲ್ಲ. ಒಬ್ಬ ಮನುಷ್ಯನನ್ನು ಮಾತ್ರ ಬಿಟ್ಟ, ತನ್ನನ್ನು. ಗುರೋ ಇನ್ನೂ ಎತ್ತಿಯೇ ಇದ್ದ ಆ ಬೆರಳನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು. ಅವನು ಅದಕ್ಕೂ ಅರ್ಥ ಹೇಳಿದ: “ಅವನು ಬಂದ ದಾರಿ ತೋರಿಸುತ್ತಿದ್ದಾಳೆ.” ಗುರೋ ತಿರುಗಿ ಅವನ ಬೆನ್ನ ಹಿಂದಿನ ದಾರಿಯನ್ನು ನೋಡಿದಳು. ಅಲ್ಲಿ ಒಂದು ಎಮ್ಮೆ ನಿಂತಿತ್ತು. ಅವಳು ಪೆನ್ನು ಕೆಳಗಿಟ್ಟು ಮತ್ತೆ ಅವನನ್ನೇ ನೋಡುತ್ತ ಕೂತಳು. ಹೆದರಿಕೆಗೆ ಅವನ ಕಣ್ಣಲ್ಲಿ ನೀರು ಬಂತು. ಬರೀ ಹೆದರಿಕೆಗೆ. ಮೂಕಮ್ಮ ಆ ನೋಟ ಕಂಡಳು, ಆ ನೀರು ಕಂಡಳು, ಎದ್ದು ಹೋಗಿ ಚರಿಗೆಯಲ್ಲಿ ನೀರು ತಂದು ಅವನ ಕೈಗೆ ಕೊಟ್ಟಳು. “ಕುಡಿಯಪ್ಪಾ. ಹೇಳಿದಿಯಲ್ಲ, ಸಾಕು,” ಅಂದಳು.

ಅಲ್ಲಿಂದ ಅವನ ಇನ್ನೊಂದು ಬಾಳು ಶುರುವಾಯಿತು. ಪತ್ರಿಕೆ ಬಿಟ್ಟು ರಾಯಚೂರಿನ ಕಾಲೇಜಿಗೆ ಸೇರಿದ. ಮೂಕಮ್ಮನ ಬಾಯಿಂದ ಕೇರಿಗೆಲ್ಲ ಗೊತ್ತಾಯಿತು: ಶೇಖರ ತನ್ನ ತಪ್ಪನ್ನು ತನ್ನ ಬಾಯಿಂದಲೇ ಆ ಬಿಳಿ ಹೆಂಗಸಿನ ಮುಂದೆ ಹೇಳಿ ಅತ್ತ. ಗುರೋಳ ಲೇಖನ ಬಂದ ಮೇಲೆ ಯಾರೋ ಅಧಿಕಾರಿ ಹುಡುಕಿಕೊಂಡು ಬಂದು ಮೂಕಮ್ಮನಿಗೆ ಮಾನ್ವಿಯ ಹಾಸ್ಟೆಲೊಂದರಲ್ಲಿ ಅಡುಗೆಯ ಕೆಲಸ ಕೊಡಿಸಿದ. ಮೇಘಾ ಓದಿ ನರ್ಸಾದಳು. ಎಳ್ಳಮಾಸಿ ಹಬ್ಬಕ್ಕೆ ತಪ್ಪದೆ ಶೇಖರನ ಮನೆಗೆ ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಬರುತ್ತಿತ್ತು. ಬಂಧುಗಳ ಮದುವೆಯೊಂದರಲ್ಲಿ ಊಟದ ಸಾಲಿನಲ್ಲಿ ಎಲ್ಲರ ಮುಂದೆ ಅವಳು, “ತನ್ನ ಮ್ಯಾಲಿನ ಮಾತು ತಾನೇ ದಾಟಿಸ್ಯಾನ ನಮ್ಮ ತಮ್ಮ. ಅಂಥ ಗಂಡಸು ಎಲ್ಲಿ ಅದಾನ ತೋರಸ್ರಿ,” ಅಂದಿದ್ದಳು. ಅವನು ಎಲೆಯ ಮೇಲೆ ಬಗ್ಗಿ ಉಂಡಿದ್ದ. ಆ ಮಾತು ಇಲ್ಲದಿದ್ದರೆ ಕೇರಿಗೆ ಕಾಲಿಡುವ ಮುಖ ಅವನಿಗಿರಲಿಲ್ಲ. ಅವ್ವ ಸತ್ತಾಗ ಹೆಣ ಹೊರಲು ಜನ ಬಂದದ್ದು ಆ ಮಾತಿನಿಂದ. ಇತ್ತ ಗುರೋ ಪ್ರತಿ ಹೊಸ ವರ್ಷಕ್ಕೆ ಒಂದು ಇ-ಮೇಲ್ ಕಳಿಸುತ್ತಿದ್ದಳು. ಅವತ್ತು ಕಾರಿನಲ್ಲಿ ತಿರುಗಿ ಬರುವಾಗ ಕೇಳಿದ್ದಳು, ಆ ರಿಪೋರ್ಟರನನ್ನು ನಾನು ನೋಡಬಹುದೇ ಅಂತ. ಅವನು ಊರು ಬಿಟ್ಟಿದ್ದಾನೆ ಅಂದಿದ್ದ ಶೇಖರ. ಸಿಕ್ಕರೆ ತಿಳಿಸು, ಅವನ ಮಾತಿಲ್ಲದೆ ನನ್ನ ಬರಹ ಅರ್ಧ ಅಂದಿದ್ದಳು. ಪ್ರತಿ ಇ-ಮೇಲಿನ ಕೊನೆಗೆ ಅದೇ ಒಂದು ಸಾಲು: ಆ ರಿಪೋರ್ಟರ್ ಸಿಕ್ಕನೇ? ಇನ್ನೂ ಇಲ್ಲ ಅಂತ ಅವನು ಏಳು ಸಲ ಬರೆದ. ಎಂಟನೆಯದಕ್ಕೆ ಉತ್ತರಿಸಲೇ ಇಲ್ಲ. ಅಷ್ಟರಲ್ಲಿ ಅವಳು ಸತ್ತಳು. ಸುದ್ದಿ ಓದಿದ ಕ್ಷಣ ಶೇಖರನಿಗೆ ಮೊದಲು ಆದದ್ದು ದುಃಖವಲ್ಲ, ನಿರಾಳ. ಅದನ್ನು ಯಾರಿಗೆ ಹೇಳುವುದು.

ಬಸ್ಸು ಮಾನ್ವಿಗೆ ಇನ್ನು ಹತ್ತು ನಿಮಿಷ ಇರುವಾಗ ಅವನು ಇನ್ನೂರ ಹದಿನಾಲ್ಕನೆಯ ಪುಟ ತೆರೆದ. ಒಂದು ಹಾಳೆ. ಒಂದು ಹಾಳೆ ಇಲ್ಲದಿದ್ದರೆ ಯಾರಿಗೆ ಗೊತ್ತಾಗುತ್ತದೆ, ಅಷ್ಟು ದಪ್ಪ ಪುಸ್ತಕದಲ್ಲಿ. ಹಾಳೆಯ ಮೇಲ್ತುದಿಯನ್ನು ಬೆನ್ನಿನ ಹತ್ತಿರ ಹಿಡಿದು ಎಳೆದ. ಅರ್ಧ ಬೆರಳಿನಷ್ಟು ಹರಿಯಿತು. ಚರ್ ಅಂತ ಸದ್ದಾಯಿತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಅವನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡು, ಹೊರಗಿನ ಒಣ ಗದ್ದೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಕಳ್ಳತನಕ್ಕೂ ಒಂದು ಎದೆ ಬೇಕು, ಅದೂ ತನಗಿಲ್ಲ ಅಂದುಕೊಂಡ.

ಹಾಸ್ಟೆಲಿನ ಹಿಂದೆ ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಪಕೀರಪ್ಪನ ಫೋಟೋ. ಮೂಕಮ್ಮ ಹೊಸ ಸೀರೆ ಉಟ್ಟು ಕಾಯುತ್ತಿದ್ದಳು. “ಬಾರಪ್ಪಾ ತಮ್ಮಾ, ಬಿಸಲಾಗ ಬಂದಿ. ಮೇಘಾ, ನೀರು ಕೊಡು ಮಾಮಾಗ.” ನೀರು ಕೊಟ್ಟ ಮೇಘಾ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ಮೊದಲ ಪುಟದ ಕನ್ನಡ ಅಕ್ಷರ ತಾಯಿಗೆ ತೋರಿಸಿದಳು. ಮೂಕಮ್ಮನಿಗೆ ಓದು ಬರುವುದಿಲ್ಲ, ತನ್ನ ಹೆಸರು ಮಾತ್ರ ಗುರುತಿದೆ. ಹೆಬ್ಬೆರಳಿನಿಂದ ಆ ಮಸಿಯನ್ನು ಸವರಿದಳು. “ಗುರುಬಾಯಿ ಬರದಾಳೇನು? ಸತ್ತಳಲ್ಲೋ ಪಾಪ,” ಅಂದಳು. ಅವಳ ಬಾಯಲ್ಲಿ ಗುರೋ ಯಾವಾಗಲೂ ಗುರುಬಾಯಿ. “ಫೋಟೋ ತೆಗೆಯೋಣ ಮೊದಲ,” ಅಂದ ಶೇಖರ ಗಡಿಬಿಡಿಯಿಂದ. “ನನ್ನ ಬಸ್ಸು ಮೂರಕ್ಕ ಅದ.”

“ತೆಗ್ಯೂಣ್ರಿ. ಮೊದ್ಲ ಏನ್ ಬರದಾರ ನೋಡೂಣು.” ಮೇಘಾ ಪುಟ ಮಗುಚಿದಳು. ಪುಸ್ತಕ ತಾನಾಗಿಯೇ ಬಾಯಿ ಬಿಟ್ಟದ್ದು ಒಂದೇ ಕಡೆ. “ಅಯ್ಯ, ಇಲ್ಲೆ ಹರದದಲ್ರೀ ಮಾಮಾ. ಪೋಸ್ಟಿನವರು ಹಿಂಗೇ ನೋಡ್ರಿ. ಅರೇ, ಇಲ್ಲೇ ನಿಮ್ಮ ಹೆಸರೂ ಅದ!” ಅವಳ ಫೋನು ಆಗಲೇ ಹಾಳೆಯ ಮೇಲಿತ್ತು. ಬೇಡ ಅನ್ನಬೇಕೆಂದು ಶೇಖರ ಬಾಯಿ ತೆರೆದ. ಏಕೆ ಅಂತ ಕೇಳುತ್ತಾರೆಂದು ನೀರಿನ ಲೋಟವನ್ನೇ ಬಾಯಿಗಿಟ್ಟ. ಫೋನಿನೊಳಗಿನ ಹೆಂಗಸು ವಾರ್ತೆ ಓದುವ ದನಿಯಲ್ಲಿ ಶುರು ಮಾಡಿದಳು.

“ಮೂಕಮ್ಮ ಅವರು ಬೆರಳು ಎತ್ತಿದರು. ನನಗೆ ಅವರ ಭಾಷೆ ತಿಳಿದಿಲ್ಲ. ಬೆರಳು ತಿಳಿದಿದೆ. ನಾನು ಶೇಖರ್ ಕಡೆಗೆ ನೋಡಿದೆ. ಶೇಖರ್ ತಮ್ಮ ಎದೆಯ ಮೇಲೆ ಕೈ ಇಟ್ಟು ಹೇಳಿದರು, ಆ ರಿಪೋರ್ಟರ್ ನಾನು. ನಲವತ್ತು ವರ್ಷಗಳಲ್ಲಿ ನನಗಾಗಿ ಮಾತನಾಡಿದ ಯಾರೂ ತಮ್ಮ ಮೇಲಿನ ಆರೋಪವನ್ನು ಹೀಗೆ ನನಗೆ ತಲುಪಿಸಿರಲಿಲ್ಲ.”

ಶೇಖರನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಉಸಿರು ಹೊರಗೆ ಬಂತು. ಬದುಕಿದೆ ಎಂದುಕೊಂಡ. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. ಗುರೋಗೆ ಗೊತ್ತಿತ್ತು. ಆ ಬೆರಳು ಕಂಡಾಗಲೇ ಗೊತ್ತಿತ್ತು. ಎಂಟು ವರ್ಷ ಅವಳು ಕಾದದ್ದು ಆ ರಿಪೋರ್ಟರನ ವಿಳಾಸಕ್ಕಲ್ಲ, ಇವನ ಒಂದು ಮಾತಿಗೆ. ಅದು ಬರದೆ ಹೋದಾಗ, ಸಾಯುವ ಹೊತ್ತಿಗೆ ತಾನೇ ಬರೆದು ಅವನ ಬಾಯೊಳಗೆ ಇಟ್ಟು ಹೋಗಿದ್ದಾಳೆ. ಅದು ಕರುಣೆಯೋ ಶಿಕ್ಷೆಯೋ ಅವನಿಗೆ ತಿಳಿಯಲಿಲ್ಲ.

“ನೋಡ್ರಿ ಮತ್ತ! ಅವ್ವ ಹೇಳ್ತಿದ್ದದ್ದು ಖರೇನೇ,” ಅಂದಳು ಮೇಘಾ. ಕಣ್ಣು ಹೊಳೆಯುತ್ತಿದ್ದವು. “ಎದಿ ಮ್ಯಾಲೆ ಕೈ ಅಂತಂದಳೇನು?” ಅಂತ ಮೂಕಮ್ಮ ಕೇಳಿದಳು. ಮೇಘಾ ಮತ್ತೊಮ್ಮೆ ಓದಿಸಿದಳು. ಮೂಕಮ್ಮ ಶೇಖರನ ಕಡೆ ತಿರುಗಿದಳು. “ತಮ್ಮಾ, ಒಮ್ಮಿ ಹೇಳು. ಅವತ್ತ ಆಕಿ ಮುಂದ ಇಂಗ್ಲೀಷಿನ್ಯಾಗ ಹೆಂಗ ಹೇಳಿದ್ದಿ, ಹಂಗೇ ಹೇಳು. ಕೇಳಬೇಕನಸ್ತದ.”

ಹೇಳಿದರೆ ಮುಗಿಯಿತು. ನಾಲ್ಕು ಶಬ್ದ. ಅವನ ತರಗತಿಯ ದಡ್ಡ ಹುಡುಗನೂ ಹೇಳಬಲ್ಲ. ಶೇಖರ ನೀರಿನ ಲೋಟ ಕೆಳಗಿಟ್ಟ. “ದ್ಯಾಟ್ ರಿಪೋರ್ಟರ್ ವಾಸ್ ಮಿ,” ಅಂದ. ಹೇಳುವಾಗ ಅವನ ಬಲಗೈ ತಾನಾಗಿ ಎದ್ದು ಎದೆಗೆ ಹೋಗಿ ಕೂತಿತು. ಅವನು ಅದನ್ನು ಕಳಿಸಿರಲಿಲ್ಲ. ಆ ಮಾತು ಹೇಳಿದರೆ ಕೈ ಹಾಗೆ ಹೋಗುತ್ತದೆ ಎಂಬುದು ಅವನಿಗೆ ಅದೇ ಮೊದಲು ಗೊತ್ತಾದದ್ದು.

ಮೂಕಮ್ಮ ಆ ಕೈಯನ್ನೇ ನೋಡುತ್ತಿದ್ದಳು.

“ಅವತ್ತ ನಿನ್ನ ಎರಡೂ ಕೈ ಮೊಣಕಾಲಾಗ ಇದ್ದವು,” ಅಂದಳು. ದನಿ ಏರಲಿಲ್ಲ. “ನನಗ ಇಂಗ್ಲೀಷ್ ತಿಳಿಯಂಗಿಲ್ಲಂತ ನಾ ನಿನ್ನ ಕೈ ನೋಡಕೊಂತ ಕುಂತಿದ್ದೆ. ಒಮ್ಮಿನೂ ಮ್ಯಾಲ ಬರಲಿಲ್ಲ. ಆಮ್ಯಾಲ ಕಣ್ಣಾಗ ನೀರು ಬಂತು. ನೀರು ನೋಡಿ ಹೇಳಿದಿ ಅಂತ ತಿಳಕೊಂಡೆ ನಾನು.”

ಮೇಘಾ ಇಬ್ಬರನ್ನೂ ನೋಡಿ, ಫೋನು ಕೆಳಗಿಳಿಸಿದಳು. ಒಳಗೆ ಒಲೆಯ ಮೇಲೆ ಹಾಸ್ಟೆಲಿನ ಬೇಳೆ ಕುದಿಯುತ್ತಿತ್ತು. ಸುಳ್ಳು ಹುಡುಕಲು ಶೇಖರನಿಗೆ ಹೊತ್ತಿತ್ತು. ಆಕಿ ಮರತಾಳಕ್ಕಾ ಅನ್ನಬಹುದಿತ್ತು, ಸತ್ತವರು ತಿರುಗಿ ಬಂದು ಇಲ್ಲ ಅನ್ನುವುದಿಲ್ಲ. ಅವನು ಎದೆಯ ಮೇಲಿನ ಕೈ ಇಳಿಸಿದ. “ಯಕ್ಕಾ,” ಅಂದ, “ಅವತ್ತ ನಾ ಹೇಳಲಿಲ್ಲ. ಯಾರೋ ಒಬ್ಬಾಂವ ಅಂತ ಹೇಳಿದೆ. ಈಗ ನಿನ್ನ ಮುಂದ ಹೇಳಾಕತ್ತೀನಿ. ಬಂದಾಂವ ನಾನು. ಕುಡದಿದ್ದ ಅಂತ ಬರದಾಂವ ನಾನು.”

“ಅದು ನನಗ ಗೊತ್ತದಪ್ಪಾ,” ಅಂದಳು ಮೂಕಮ್ಮ. “ನನಗ್ಯಾಕ ಹೇಳ್ತಿ? ಹೇಳಬೇಕಾದದ್ದು ಆಕೀಗಿ. ಆಕಿ ಸತ್ತಳು.”

ಅವಳು ಪುಸ್ತಕ ಮುಚ್ಚಿದಳು. ಹರಿದ ಹಾಳೆ ಹೊರಗೆ ಚಾಚದಂತೆ ಹೆಬ್ಬೆರಳಿನಿಂದ ಒಳಗೆ ಒತ್ತಿ, ಅವನ ಬಟ್ಟೆಯ ಚೀಲಕ್ಕೆ ಹಾಕಿ, ಚೀಲವನ್ನು ಅವನ ಕಾಲ ಬಳಿ ಇಟ್ಟಳು. “ಇದು ನೀನೇ ಇಟಗೊ. ನಾ ಏನ್ ಹೇಳಿದ್ದೆ ಅಂತ ನನಗ ನೆನಪದ.” ಫೋಟೋ, ಅಂತ ಮೇಘಾ ಸಣ್ಣಗೆ ಅಂದಳು. ಮೂಕಮ್ಮ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇಳೆ ತಿರುವಲು ಒಳಗೆ ಹೋದಳು.